ಗೋಡೆಯ ಪರವಾಗಿ ಫಸ್ಟ್ ಪ್ರೈಜ್

ಈಚೆಗೆ ನನ್ನನ್ನು ಜಡ್ಜ್ ಮಾಡಿದರು.

ಹೆದರಬೇಡಿ, ಕೋರ್ಟಿನಲ್ಲಲ್ಲ. ನಮ್ಮ ಸಂಘದ ಮಕ್ಕಳ ಕನ್ನಡ ಚರ್ಚಾಸ್ಪರ್ಧೆಗೆ. ಸನದ್ ಎಂಬ ಏರಿಯಾದ ಒಂದು ಹಾಲ್, ಶುಕ್ರವಾರದ ಬೆಳಿಗ್ಗೆ, ಎದುರಿಗೆ ರೇಷ್ಮೆ ಸೀರೆಯ ಅಮ್ಮಂದಿರು, ಫೋನ್ ಎತ್ತಿ ಹಿಡಿದ ಅಪ್ಪಂದಿರು. ಸೆಕ್ರೆಟರಿ ಹರೀಶಣ್ಣ ಬಂದು ವಿಷಯ ಹೇಳಿದರು: ‘ಅಕ್ರಮ ವಲಸೆ ತಡೆಯಲು ಗಡಿಗೋಡೆ ಪರಿಣಾಮಕಾರಿಯೇ?’

“ಎಂಥ ವಿಷಯ ಮಾರಾಯ್ರೆ ಇದು! ಮಕ್ಕಳಿಗೆ ಮೊಬೈಲ್ ಬೇಕಾ ಬೇಡವಾ ಅಂತ ಏನಾದರೂ ಇಡಬಾರದಿತ್ತಾ?”

“ಅದು ಹೋದ ವರ್ಷ ಆಯಿತಲ್ಲ ವೀಣಕ್ಕಾ. ಇದು ನೆಟ್‌ನಲ್ಲಿ ಸಿಕ್ಕಿತು. ಇಂಟರ್‌ನ್ಯಾಷನಲ್ ಲೆವೆಲ್.”

ಲೆವೆಲ್ ಇರಲಿ, ಸ್ವಾಮಿ. ನಾವಿರುವುದು ಬಹ್ರೈನ್‌ನಲ್ಲಿ. ಸುತ್ತ ಸಮುದ್ರ, ಸೌದಿಗೆ ಹೋಗಲಿಕ್ಕೆ ಒಂದು ಸೇತುವೆ. ಇಲ್ಲಿ ಗೋಡೆ ಕಟ್ಟುವುದು ಎಲ್ಲಿ? ಮೀನಿಗೆ ಅಡ್ಡವಾಗಿಯಾ?

ಫಸ್ಟ್ ಪ್ರೈಜ್ ಬಂದದ್ದು ಆದ್ಯಾ ಎಂಬ ಹುಡುಗಿಗೆ. ನಾಲ್ಕನೇ ಕ್ಲಾಸು. ಅಮ್ಮ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟ ಕನ್ನಡವನ್ನು ಬಾಯಿಪಾಠ ಮಾಡಿ ಬಂದಿದ್ದಳು. (ನಗಬೇಡಿ, ನಮ್ಮ ಮನೆಗಳಲ್ಲೆಲ್ಲ ಇದೇ ಕಥೆ.) ಕೈ ಬೀಸಿ ಬೀಸಿ ಹೇಳಿದಳು: “ಪರ್ಮಿಷನ್ ಇಲ್ಲದೆ ನಿಮ್ಮ ಮನೆಗೆ ಯಾರಾದರೂ ನುಗ್ಗಿದರೆ ಸುಮ್ಮನಿರುತ್ತೀರಾ? ಗೋಡೆ ಎತ್ತರ ಮಾಡಿ! ಅಕ್ರಮದವರನ್ನು ಹೊರಗೆ ಹಾಕಿ!”

ಹಾಲ್‌ನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನೂ ಮಾರ್ಕು ಕೊಟ್ಟೆ. ಉಚ್ಚಾರ ಚೆನ್ನಾಗಿತ್ತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಬಾಗಿಲ ಹತ್ತಿರ ಕೂತಿದ್ದ ಸುಮತಿಯಕ್ಕ. ಅವರು ಯಾವಾಗಲೂ ಬಾಗಿಲ ಹತ್ತಿರವೇ ಕೂರುವುದು. ಯಾಕೆ ಅಂತ ನಮಗೆಲ್ಲ ಗೊತ್ತು, ಯಾರೂ ಕೇಳುವುದಿಲ್ಲ. ಅವರ ಹತ್ತಿರ ಪೇಪರ್ ಇಲ್ಲ. ವೀಸಾ ಇಲ್ಲ, ಸಿಪಿಆರ್ ಅನ್ನುವ ಇಲ್ಲಿನ ಗುರುತಿನ ಕಾರ್ಡ್ ಇಲ್ಲ. ಆದ್ಯಾ ಹೇಳಿದಳಲ್ಲ, ಆ ಅಕ್ರಮದವರು!

“ಎಷ್ಟು ಚಂದ ಮಾತಾಡಿದಳು ನೋಡಿ! ಅವಳ ತಲೆ ಉರುಟು ಮಾಡಿದ್ದು ನಾನೇ” ಅಂತ ಕಾಫಿ ಕೊಡುವಾಗ ನನ್ನ ಕಿವಿಯಲ್ಲಿ ಹೇಳಿದರು. ಮುಖ ಅರಳಿತ್ತು.

ನಿಜ ಮಾರಾಯ್ರೆ. ಆ ಹಾಲ್‌ನಲ್ಲಿದ್ದ ಅರ್ಧಕ್ಕರ್ಧ ಮಕ್ಕಳ ಎಳೆತಲೆ ಒತ್ತಿ ದುಂಡಗೆ ಉರುಟು ಮಾಡಿದ್ದು, ಮೂಗು ಎಳೆದು ನೇರ ಮಾಡಿದ್ದು ಸುಮತಿಯಕ್ಕನೇ. ಅವರ ಕೆಲಸ ಬಾಣಂತನ. ಇಲ್ಲಿ ಹೆರಿಗೆಯಾದ ನಮ್ಮ ಹುಡುಗಿಯರಿಗೆ ಊರಿಂದ ಅಮ್ಮ ಬರಲಿಕ್ಕೆ ಆಗದಿದ್ದರೆ ಮೊದಲ ಫೋನು ಸುಮತಿಯಕ್ಕನಿಗೆ. ಎಣ್ಣೆ ಹಚ್ಚುವುದು, ಮೀಯಿಸುವುದು, ಹೊಟ್ಟೆಗೆ ಬಟ್ಟೆ ಕಟ್ಟುವುದು, ಕಾಳುಮೆಣಸಿನ ಸಾರು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರೂ ತಮ್ಮ ಮಗುವನ್ನು ಮೀಯಿಸಲಿಕ್ಕೆ ಇವರನ್ನೇ ಕರೆಯುತ್ತಾರೆ.

ಹಾಗಾದರೆ ಸುಮತಿಯಕ್ಕ ಯಾವ ಗೋಡೆ ಹಾರಿ ಬಂದರು? ಎಲ್ಲಿಂದಲೂ ಹಾರಲಿಲ್ಲ. ನನ್ನ ಹಾಗೆ, ಹರೀಶಣ್ಣನ ಹಾಗೆ, ಮಂಗಳೂರಿನಿಂದ ವಿಮಾನ ಹತ್ತಿ, ಕ್ಯೂ ನಿಂತು, ಸ್ಟಾಂಪ್ ಹೊಡೆಸಿಕೊಂಡು ಬಂದವರು. ಹೆಸರಿಗೆ ಒಬ್ಬ ಅರಬ್ಬಿ ಸ್ಪಾನ್ಸರ್, ಕೆಲಸ ಸಿಕ್ಕಿದಲ್ಲಿ. ಆ ಸ್ಪಾನ್ಸರ್ ಅಂಗಡಿ ಮುಚ್ಚಿ ಫೋನೂ ಎತ್ತದೆ ಕೂತ. ವೀಸಾ ಮುಗಿಯಿತು. ರಾತ್ರಿ ಸಕ್ರಮವಾಗಿ ಮಲಗಿದ ಹೆಂಗಸು ಬೆಳಿಗ್ಗೆ ಅಕ್ರಮವಾಗಿ ಎದ್ದಳು, ಅಷ್ಟೇ. ಅದೇ ಚಾಪೆ, ಅದೇ ದಿಂಬು.

ಸ್ಪರ್ಧೆ ಮುಗಿದ ಮೇಲೆ ಅವರನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೊರಟೆ. ನನ್ನ ಮನೆ ಇರುವುದು ಉಮ್ ಅಲ್ ಹಸ್ಸಮ್‌ನಲ್ಲಿ, ಅವರ ರೂಮು ಅಲ್ಲೇ ಹಿಂದಿನ ಗಲ್ಲಿಯಲ್ಲಿ. ಬಸ್ಸು ಅಂದರೆ ಅವರಿಗೆ ಹೆದರಿಕೆ, ಚೆಕಿಂಗ್ ಇರುತ್ತದೆ. ಸ್ವಲ್ಪ ದೂರ ಹೋದ ಮೇಲೆ ಸುಮತಿಯಕ್ಕ ಮೆಲ್ಲ ಬಾಯಿ ಬಿಟ್ಟರು. (ನಾವು ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.)

“ಸುಪ್ರೀತಾಳಿಗೆ ತಿಂಗಳು ತುಂಬ್ತಾ ಬಂತು ವೀಣಕ್ಕ.”

ಸುಪ್ರೀತಾ ಅವರ ಮಗಳು. ಕಾರ್ಕಳದ ಹತ್ತಿರ ಕೊಟ್ಟಿದ್ದಾರೆ. ಕೊಟ್ಟಿದ್ದಾರೆ ಅಂದರೆ, ಸುಮತಿಯಕ್ಕನ ಅಣ್ಣ ನಿಂತು ಧಾರೆ ಎರೆದ, ಇವರು ವಿಡಿಯೋ ಕಾಲ್‌ನಲ್ಲಿ ನೋಡಿ ಅಕ್ಷತೆ ಹಾಕಿದರು. ಅಕ್ಷತೆ ಬಿದ್ದದ್ದು ಫೋನಿನ ಮೇಲೆ.

“ಚೊಚ್ಚಲ ಹೆರಿಗೆ. ಅಮ್ಮ ಬಾ, ನೀನೇ ಮೀಯಿಸಬೇಕು ಅಂತ ದಿನಾ ಅಳ್ತಾಳೆ. ಎಂತ ಮಾಡುದು ಹೇಳಿ.”

“ಹೋಗ್ಲಿಕ್ಕೆ ಆಗುವುದಿಲ್ವಾ?”

“ಹೋಗ್ಲಿಕ್ಕೆ ಆಗ್ತದೆ. ಎಂಬೆಸಿಯಿಂದ ಔಟ್‌ಪಾಸ್ ಮಾಡಿ ಹೋಗ್ಲಿಕ್ಕೆ ದಾರಿ ಉಂಟಂತೆ. ಆದ್ರೆ ಬೆರಳು ಒತ್ತಿಸಿಕೊಂಡು ಕಳಿಸ್ತಾರೆ. ಮತ್ತೆ ಈ ಜನ್ಮದಲ್ಲಿ ಬರ್ಲಿಕ್ಕಿಲ್ಲ. ಮಗನ ಓದು ಇನ್ನೂ ಮುಗಿಲಿಲ್ಲ ಅಲ್ಲ?”

ಗಂಡ ಇಲ್ಲ. ಮಗನ ಇಂಜಿನಿಯರಿಂಗ್ ನಡೆಯುತ್ತಿರುವುದು ಇವರ ಎರಡು ಕೈಯಿಂದ. ಮೊದಲೆಲ್ಲ ಹೀಗಿರಲಿಲ್ಲ. ವೀಸಾ ಇದ್ದ ಕಾಲದಲ್ಲಿ ಹೋಗುತ್ತಿದ್ದರು, ಬರುತ್ತಿದ್ದರು. ಮಗಳ ಕೂದಲಿಗೆ ಎಣ್ಣೆ ಹಾಕಿ, ಮಗನ ಯೂನಿಫಾರ್ಮ್ ಹೊಲಿಸಿ, ಹಪ್ಪಳ ಕಟ್ಟಿಕೊಂಡು ವಾಪಸ್. ಬಾಗಿಲು ಸಡಿಲ ಇದ್ದಾಗ ಮನೆಗೆ ಹೋಗಿ ಬರುತ್ತಿದ್ದ ಹೆಂಗಸು, ಬಾಗಿಲು ಬಿಗಿಯಾದ ಮೇಲೆ ಇಲ್ಲೇ ಕೂತುಬಿಟ್ಟಳು. ಮದುವೆ ಊಟದ ಹಾಲ್ ನೋಡಿದ್ದೀರಲ್ಲ? ರಶ್ ಇದ್ದಷ್ಟೂ ಕುರ್ಚಿ ಸಿಕ್ಕಿದವ ಏಳುವುದಿಲ್ಲ. ಎದ್ದರೆ ಹೋಯಿತು!

ಇಷ್ಟು ಸಣ್ಣ ವಿಷಯ ಈ ದೇಶ ದೇಶದ ದೊಡ್ಡ ದೊಡ್ಡ ತಲೆಗಳಿಗೆ ಯಾಕೆ ಹೊಳೆಯುವುದಿಲ್ಲ? ಗೋಡೆ, ಬೇಲಿ, ಕ್ಯಾಮೆರಾ, ಬೆರಳಚ್ಚು. ಬರಬೇಕಾದವರು ಹೇಗೂ ಬಂದಿದ್ದಾರೆ. ಹೊಟ್ಟೆ ಕರೆದುಕೊಂಡು ಬರುತ್ತದೆ. ಅವರಿಗೆ ಊರಿನ ದಾರಿ ಮುಚ್ಚಿದರೆ ಯಾರಿಗೆ ಏನು ಸಿಕ್ಕಿತು?

“ಹೋಗಿ ಬಿಡಿ ಸುಮತಿಯಕ್ಕ. ಮಗಳ ಹತ್ತಿರ ಇರಿ. ಮುಂದಿನದ್ದು ಮುಂದೆ” ಅಂತ ನಾನು ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಆಗಲೇ ರಿಫಾದಲ್ಲಿರುವ ನನ್ನ ಸೊಸೆ ದೀಪ್ತಿಯ ನೆನಪಾಯಿತು. ಅವಳಿಗೂ ಅದೇ ತಿಂಗಳು. ಅವಳ ಅಮ್ಮನಿಗೆ ಮಂಡಿ ಆಪರೇಷನ್, ಬರುವ ಹಾಗಿಲ್ಲ. ಬಾಣಂತನಕ್ಕೆ ಸುಮತಿಯಕ್ಕನನ್ನು ಬುಕ್ ಮಾಡಿ ಆಗಿತ್ತು.

“ಯೋಚನೆ ಮಾಡಿ” ಅಂದೆ. ಅಷ್ಟೇ ಅಂದೆ. ಥೂ!

ಅವರು ಯೋಚನೆ ಮಾಡಿದರು. ಹೋಗಲಿಲ್ಲ.

ಸುಪ್ರೀತಾ ಹೆತ್ತಳು, ಗಂಡು. ದೀಪ್ತಿ ಹೆತ್ತಳು, ಹೆಣ್ಣು. ಎರಡೂ ಹೆರಿಗೆ ಒಂದೇ ವಾರ. ಸುಮತಿಯಕ್ಕ ಎಣ್ಣೆ ಬಾಟಲಿ ಹಿಡಿದುಕೊಂಡು ದೀಪ್ತಿಯ ಮನೆಗೆ ಬಂದರು.

ಮೊನ್ನೆ ಶನಿವಾರ ನಾನೂ ರಿಫಾದಲ್ಲಿದ್ದೆ. ಬಾತ್‌ರೂಮಿನಲ್ಲಿ ಸುಮತಿಯಕ್ಕ ಸೀರೆ ಮೇಲೆ ಕಟ್ಟಿ, ಕಾಲು ನೀಡಿ ಕೂತು, ಕಾಲಿನ ಮೇಲೆ ನಮ್ಮ ಪುಟ್ಟಿಯನ್ನು ಬೋರಲು ಮಲಗಿಸಿಕೊಂಡಿದ್ದರು. ಕೈ ಪೂರ್ತಿ ಎಣ್ಣೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. “ವೀಣಕ್ಕ, ಸ್ವಲ್ಪ ಹಿಡಿತೀರಾ? ಸುಪ್ರೀತಾ ಇರಬೇಕು.”

ಹಿಡಿದೆ. ಆ ಕಡೆ ಸುಪ್ರೀತಾ ಬಾಗಿಲಿಗೆ ಒರಗಿ ನಿಂತು ಫೋನ್ ಹಿಡಿದಿದ್ದಾಳೆ. ಅತ್ತೆಗೆ ಬೆನ್ನುನೋವು, ಬಗ್ಗುವ ಹಾಗಿಲ್ಲ. ಮಗುವನ್ನು ಕಾಲಿನ ಮೇಲೆ ಹಾಕಿಕೊಂಡು ಕೂತವಳು ನಾದಿನಿ, ಇನ್ನೂ ಮದುವೆಯಾಗದ ಹುಡುಗಿ. ಹೆದರಿ ಬೆವರುತ್ತಿದ್ದಳು.

“ಕಾಲು ಸರಿಯಾಗಿ ಜೋಡಿಸು ಮಗಾ. ನಾನು ಮಾಡುದನ್ನು ನೋಡು. ಹೀಗೆ. ನೀರು ಮುಖಕ್ಕೆ ಬೀಳಬಾರ್ದು, ಕೈ ಅಡ್ಡ ಹಿಡಿ.”

ಇಲ್ಲಿ ನಮ್ಮ ಪುಟ್ಟಿಯ ಬೆನ್ನ ಮೇಲೆ ಸುಮತಿಯಕ್ಕನ ಕೈ ಸರಸರ ಹರಿದಾಡುತ್ತಿತ್ತು. ಅಲ್ಲಿ ಅವರ ಮೊಮ್ಮಗನ ಬೆನ್ನ ಮೇಲೆ ಆ ಹುಡುಗಿಯ ಕೈ ಎಲ್ಲಿ ಹಿಡಿಯುವುದು ಅಂತ ಹುಡುಕುತ್ತಿತ್ತು. ಬಿಸಿನೀರಿನ ಹಬೆಗೆ ಸ್ಕ್ರೀನ್ ಮಂಜಾಗುತ್ತಿತ್ತು, ನಾನು ಸೆರಗಿನಿಂದ ಒರೆಸುತ್ತಿದ್ದೆ. ಇನ್ನೇನು ಮಾಡಲಿ, ನನ್ನ ಕೈಯಿಂದ ಆಗುವುದು ಅಷ್ಟೇ.

“ಮಗುವನ್ನು ಸ್ವಲ್ಪ ಈಚೆ ತಿರುಗಿಸು” ಅಂದರು ಸುಮತಿಯಕ್ಕ. ನೋಡಿದರು. ತುಂಬ ಹೊತ್ತು ನೋಡಿದರು.

“ಮೂಗು ಚಪ್ಪಟೆ ಉಂಟು ವೀಣಕ್ಕ” ಅಂದರು, ಮೆಲ್ಲ. “ಅವನ ಅಜ್ಜನದ್ದೇ ಮೂಗು. ಈಗಲೇ ಎಳಿಬೇಕು. ಆಮೇಲೆ ಗಟ್ಟಿಯಾಗ್ತದೆ.”

ಅವರ ಎಣ್ಣೆ ಕೈಯ ಎರಡು ಬೆರಳು ಆಗ ನಮ್ಮ ಪುಟ್ಟಿಯ ಮೂಗು ಎಳೆಯುತ್ತಿದ್ದವು. ಈಗಾಗಲೇ ನೇರ ಇರುವ ಮೂಗು.

ಅಲ್ಲಿ ಸುಪ್ರೀತಾ ಅತ್ತಳು. ಇಲ್ಲಿ ಸುಮತಿಯಕ್ಕ ಅಳಲಿಲ್ಲ, ಮಡಿಲಲ್ಲಿ ಬೇರೆಯವರ ಮಗು ಇತ್ತಲ್ಲ. ಅಳುವ ಕೆಲಸ ನಾನು ಮಾಡಿದೆ, ಅದರಿಂದ ಯಾರಿಗೂ ಮೂರು ಕಾಸಿನ ಪ್ರಯೋಜನ ಆಗಲಿಲ್ಲ.

ಸಂಜೆ ಹರೀಶಣ್ಣ ಫೋನ್ ಮಾಡಿದರು. ಸಂಘದ ಸಂಚಿಕೆಗೆ ತೀರ್ಪುಗಾರರ ಮಾತು ನಾಲ್ಕು ಸಾಲು ಬೇಕಂತೆ. “ಆದ್ಯಾಳಿಗೆ ಯಾಕೆ ಫಸ್ಟ್ ಅಂತ ಬರೆದುಬಿಡಿ ವೀಣಕ್ಕ, ಸಾಕು.”

ಬರೆದುಕೊಟ್ಟಿದ್ದೇನೆ: ಆ ಮಗು ಹೇಳಿದ್ದು ಸರಿ, ಗೋಡೆ ಕೆಲಸ ಮಾಡುತ್ತದೆ. ಸುಮತಿಯಕ್ಕ ಬರುವುದನ್ನು ತಡೆಯಲು ಅದಕ್ಕೆ ಆಗಲಿಲ್ಲ. ಹೋಗುವುದನ್ನು ಎಷ್ಟು ಚೆನ್ನಾಗಿ ತಡೆದಿದೆ ನೋಡಿ!