ಮೂರು ದಿನ ಮುಟ್ಟದ ಕೊಳಲು

ಆರು ವಾರ ಊದಿದರೂ ನನ್ನ ಕೊಳಲಿನಿಂದ ಬಂದದ್ದು ಬರೀ ಗಾಳಿ. ಏಳನೆಯ ವಾರ ಒಂದು ಶಬ್ದ ಬಂತು. ಕೆನಡಾದ ಮಿಲ್ಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ಬೆಳಿಗ್ಗೆ ಏಳೂವರೆಗೆ, ಬಟ್ಟೆ ಒಗೆಯುವ ಮಷೀನಿನ ಪಕ್ಕದಲ್ಲಿ. ಮಗಳು ಮೆಟ್ಟಿಲ ಮೇಲಿಂದಲೇ ಕೇಳಿದಳು, "ಅಮ್ಮಾ, ಈಸ್ ದಟ್ ದ ಡ್ರೈಯರ್?"

"ಡ್ರೈಯರ್ ಅಲ್ಲ ಕಣೇ, ನಾನು!" ಎಂದು ಕೂಗಿದೆ. ಬೇರೆ ದಿನವಾಗಿದ್ದರೆ ಆ ಪ್ರಶ್ನೆಗೆ ನನಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು. ಅವತ್ತು ಕುಣಿಯಬೇಕು ಅನ್ನಿಸಿತು. ನನಗಾಗ ಐವತ್ತೆರಡು ವರ್ಷ.

ಶಕುಹಾಚಿ ಅನ್ನುವುದು ಜಪಾನಿನ ಬಿದಿರಿನ ಕೊಳಲು. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವುದಲ್ಲ. ನೆಟ್ಟಗೆ ಹಿಡಿದು ಮೇಲ್ತುದಿಯ ಅಂಚಿಗೆ ಊದಬೇಕು. ಮುಂದೆ ನಾಲ್ಕು ತೂತು, ಹಿಂದೆ ಒಂದು. ಕೆಳಗಿನ ತುದಿಯಲ್ಲಿ ಬಿದಿರಿನ ಬುಡದ ಗಂಟುಗಳು ಹಾಗೇ ಇರುತ್ತವೆ. ನೋಡಲು ಇಷ್ಟು ಸುಲಭದ್ದು, ಊದಲು ಹೋದರೆ ಮಹಾ ಬಿಗುಮಾನದ್ದು. ತುಟಿ ಒಂದು ಕೂದಲೆಳೆ ಆಚೆ ಈಚೆ ಆದರೂ ಮಾತಾಡುವುದಿಲ್ಲ.

ಅದರ ಹಿಂದೆ ನಾನು ಯಾಕೆ ಬಿದ್ದೆ ಅನ್ನುವುದಕ್ಕೆ ಮೈಸೂರಿಗೆ ಹೋಗಬೇಕು. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಸಂಗೀತದ ಮೇಷ್ಟ್ರು ಬರುತ್ತಿದ್ದರು. ತಂಗಿ ಹಾಡುತ್ತಿದ್ದಳು. ನಾನೂ ಬಾಯಿ ತೆರೆದೆ, ಮೊದಲ ವಾರ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, "ನೀನು ಶ್ರುತಿ ಹಾಕಮ್ಮ, ಸಾಕು" ಅಂದರು. ಅವತ್ತಿನಿಂದ ಎಂಟು ವರ್ಷ ಶ್ರುತಿಪೆಟ್ಟಿಗೆಯ ತಿದಿ ಒತ್ತಿದ್ದೇ ನನ್ನ ಸಂಗೀತ. ಕೈ ಸೋತು ಗಾಳಿ ಕಮ್ಮಿಯಾದರೆ ಮಾತ್ರ ಎಲ್ಲರೂ ನನ್ನ ಕಡೆ ತಿರುಗುತ್ತಿದ್ದರು. ತಂಗಿಯ ಮೇಲೆ ನನಗೆ ಯಾವತ್ತೂ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಹೇಳಿದರೆ ಅದು ಸುಳ್ಳು.

ಅದಾಗಿ ಎಷ್ಟೋ ವರ್ಷದ ಮೇಲೆ, ಒಂದು ಭಾನುವಾರ ನಮ್ಮ ಪಕ್ಕದ ಊರು ಮಿಸ್ಸಿಸಾಗಾದ ಜಪಾನಿ ತೋಟದಲ್ಲಿ ಒಬ್ಬ ಮುದುಕರು ಶಕುಹಾಚಿ ಊದುವುದನ್ನು ಕೇಳಿದೆ. ಬೆಂಚಿನ ಮೇಲೆ ನೆಟ್ಟಗೆ ಕೂತು ಒಂದೇ ಸ್ವರವನ್ನು ಊದುತ್ತಿದ್ದರು. ಆ ಸ್ವರದೊಳಗೆ ಅವರ ಉಸಿರೂ ಕೇಳಿಸುತ್ತಿತ್ತು. ಗಾಳಿಯನ್ನು ಅವರು ಮುಚ್ಚಿಡುತ್ತಿರಲಿಲ್ಲ. ಗಾಳಿಯೇ ಸಂಗೀತವಾಗುವುದಾದರೆ ಅದು ನನ್ನ ಇಲಾಖೆ ಅನ್ನಿಸಿತು. ಹತ್ತಿರ ಹೋಗಿ, ಕಲಿಸುತ್ತೀರಾ ಎಂದು ಕೇಳಿಯೇಬಿಟ್ಟೆ.

ಅವರು ಓಕ್‌ವಿಲ್‌ನ ಕಾರ್ ಪ್ಲ್ಯಾಂಟಿನಲ್ಲಿ ಟೂಲ್ ಮೇಕರ್ ಆಗಿದ್ದು ರಿಟೈರ್ ಆದವರು. ಎಂಬತ್ತರ ಹತ್ತಿರ ವಯಸ್ಸು. ಅವರ ಇಂಗ್ಲಿಷು ಒಂದು ಸಲಕ್ಕೆ ನಾಲ್ಕೈದು ಪದ, ಅಷ್ಟೇ. ಶಿಷ್ಯರು ಅವರನ್ನು ಸೆನ್ಸೆ ಅನ್ನುತ್ತಾರೆ, ಅಂದರೆ ಗುರುಗಳು. ಮೊದಲ ಪಾಠದ ದಿನ ನಾನು ವಾಡಿಕೆಯಂತೆ ಬಗ್ಗಿ ಕಾಲು ಮುಟ್ಟಲು ಹೋದೆ. ಅವರು ಗಾಬರಿಯಾಗಿ ಹಿಂದೆ ಸರಿದು, ನನಗಿಂತ ಕೆಳಕ್ಕೆ ಬಗ್ಗಿದರು. ನಾನು ಇನ್ನೂ ಬಗ್ಗಿದೆ. ಸೊಂಟ ಹಿಡಿದುಕೊಂಡದ್ದು ನನಗೇ ಮೊದಲು.

ಅಲ್ಲಿನ ಶಿಷ್ಟಾಚಾರ ಬಹಳ, ಆದರೆ ನನಗೆ ಹೊಸದಾಗಿ ಕಂಡದ್ದು ಕಮ್ಮಿ. ಚಪ್ಪಲಿ ಹೊರಗೆ. ಕೊಳಲನ್ನು ದಾಟಬಾರದು, ನಾವು ಪುಸ್ತಕ ದಾಟುತ್ತೇವೆಯೇ? ಇನ್ನೊಬ್ಬರ ಕೊಳಲನ್ನು ಕೇಳದೆ ಮುಟ್ಟಬಾರದು. ಶುರುವಿಗೂ ಕೊನೆಗೂ ತಲೆಬಾಗಬೇಕು. ಊದಿ ಆದಮೇಲೆ ದಾರ ಕಟ್ಟಿದ ಬಟ್ಟೆಯನ್ನು ಒಳಗಿನಿಂದ ಎಳೆದು ಒದ್ದೆ ತೆಗೆದು, ಬಟ್ಟೆಯ ಚೀಲಕ್ಕೆ ಹಾಕಿ, ಅದರ ಮೇಲೊಂದು ಪ್ಲಾಸ್ಟಿಕ್ ಕವರು ಸುತ್ತಬೇಕು. ಕೆನಡಾದ ಮನೆಗಳಲ್ಲಿ ಹೀಟಿಂಗ್ ಶುರುವಾದರೆ ಗಾಳಿ ಒಣಗಿ ಬಿದಿರು ಸೀಳುತ್ತದೆ. ಕೊಳಲು ನನ್ನದಲ್ಲ, ಅವರು ಕಡ ಕೊಟ್ಟದ್ದು. ಅವರೇ ಯೌವನದಲ್ಲಿ ಊದಿದ್ದು.

ಒಂದು ವಿಷಯ ಮಾತ್ರ ನನಗೆ ಒಗ್ಗಲಿಲ್ಲ. ಮೊದಲ ದಿನ ಅವರು ನನಗಾಗಿ ಒಂದು ರಚನೆ ಊದಿದರು. ಒಂದೊಂದು ಸಾಲೂ ಒಂದೊಂದು ಉಸಿರು. ಸಾಲು ಮುಗಿದು ಸ್ವರ ಕರಗಿದ ಕೂಡಲೇ ನಾನು ತಲೆಯಾಡಿಸಿ "ಆಹಾ!" ಅಂದೆ, ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. ಅವರು ನಿಲ್ಲಿಸಿದರು. ಕೊಳಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಮತ್ತೆ ಮೊದಲಿಂದ ಶುರುಮಾಡಿದರು. ಅದೇ ಜಾಗದಲ್ಲಿ ನಾನು ಮತ್ತೆ "ಆಹಾ" ಅಂದೆ. ಮತ್ತೆ ಮೊದಲಿಂದ. ಮೂರನೆಯ ಸಲ ತುಟಿ ಕಚ್ಚಿ ಕೂತೆ. ಆಗ ಗೊತ್ತಾಯಿತು, ಸ್ವರ ಮುಗಿದಮೇಲಿನ ಮೌನವೂ ಆ ರಚನೆಯದೇ. ಅದರ ಮೇಲೆ ನಾನು ಮಾತಾಡಿಬಿಟ್ಟಿದ್ದೆ.

ಪ್ರತಿ ಮೇ ತಿಂಗಳು ಶಿಷ್ಯರೆಲ್ಲ ಆ ತೋಟದಲ್ಲಿ ಸೇರಿ, ಒಬ್ಬೊಬ್ಬರೇ ಎದ್ದು ಒಂದೊಂದು ರಚನೆ ಊದುತ್ತಾರೆ. ಇಡೀ ರಚನೆ ಬರುವವರಿಗೆ ಮಾತ್ರ ಅವಕಾಶ. ನನ್ನ ಮೊದಲ ಮೇ ತಿಂಗಳಲ್ಲಿ ನನಗೆ ವಹಿಸಿದ ಕೆಲಸ ಕುರ್ಚಿ ಹಾಕುವುದು. ಹಾಕಿದೆ. ಕೊನೆಯ ಕುರ್ಚಿಯಲ್ಲಿ ಕೂತು ಎಲ್ಲರನ್ನೂ ಕೇಳಿದೆ. ಮುಂದಿನ ಮೇಗೆ ನಾನು ಊದಬೇಕು, ಒಬ್ಬಳೇ, ಇಡೀ ರಚನೆ, ಮೊದಲಿಂದ ಕೊನೆಯವರೆಗೆ. ಹಾಗೆಂದು ಯಾರಿಗೂ ಹೇಳಲಿಲ್ಲ. ಗಂಡನಿಗೂ ಹೇಳಲಿಲ್ಲ. ಅಷ್ಟು ಆಸೆ ಇತ್ತು.

ಆ ಬೇಸಿಗೆಯೆಲ್ಲ ದಿನಾ ಊದಿದೆ. ಮನೆಯ ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಸಿಟ್ಟು ಕಡಿಮೆಯಾಯಿತೇ ಎಂದು ಗಂಡ ಆಸೆಯಿಂದ ಕೇಳಿದರು. ಆಗಲಿಲ್ಲ. ಆದರೆ ಉತ್ತರ ಕೊಡುವ ಮುಂಚೆ ಒಂದು ಉಸಿರು ಕಾಯುವುದು ಅಭ್ಯಾಸವಾಯಿತು. ಮೆಡೋವೇಲ್‌ನ ಆಫೀಸಿನಲ್ಲಿ ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು. ಮೊದಲು ನಾನು ಕೂಗಿದರೆ ಹೆದರುತ್ತಿದ್ದ ಹುಡುಗರು, ಈಗ ನಾನು ಸುಮ್ಮನಿದ್ದರೆ ಇನ್ನೂ ಹೆದರುತ್ತಾರೆ. ಇದು ಈ ವಾದ್ಯದಿಂದ ನನಗೆ ಸಿಕ್ಕ ಮೊದಲ ಲಾಭ.

ಆಮೇಲೆ ನವರಾತ್ರಿ ಬಂತು. ಸರಸ್ವತಿ ಪೂಜೆಗೆ ನಮ್ಮ ಮನೆಯಲ್ಲಿ ಪುಸ್ತಕ ಇಡುತ್ತೇವೆ, ಮಗಳ ಕೆಮಿಸ್ಟ್ರಿ ಪುಸ್ತಕವೂ ಸೇರಿ. ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಮಗಳಿಗೆ ಅದು ಬಹಳ ಇಷ್ಟವಾದ ಸಂಪ್ರದಾಯ. ಆ ವರ್ಷ ನಾನು ಕೊಳಲನ್ನೂ ಇಟ್ಟೆ. ವೀಣೆ ಹಿಡಿದವಳ ಮುಂದೆ ಕೊಳಲು ಇಡದೆ ಇರುವುದುಂಟೆ? ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪೂಜೆ ಮಾಡುವುದುಂಟೆ? ಕವರು ತೆಗೆದೆ, ಚೀಲ ತೆಗೆದೆ. ಬುಡದ ಗಂಟಿನ ಮೇಲೆ ಒಂದು ಕುಂಕುಮದ ಬೊಟ್ಟಿಟ್ಟು, ಅಕ್ಷತೆ ಹಾಕಿ, ದೀಪ ಹಚ್ಚಿ, ಕಣ್ಣಿಗೊತ್ತಿಕೊಂಡೆ. ಮೂರು ದಿನ ಭಕ್ತಿಯಿಂದ ಮುಟ್ಟಲಿಲ್ಲ. ಆ ವಾರವೇ ಚಳಿ ಇಳಿದು ಹೀಟಿಂಗ್ ಶುರುವಾಗಿತ್ತು. ಪೂಜೆಯ ಮಣೆಯ ಪಕ್ಕದಲ್ಲೇ ನೆಲದಲ್ಲಿ ಬಿಸಿಗಾಳಿಯ ಕಿಂಡಿ ಇತ್ತು.

ವಿಜಯದಶಮಿಯ ಬೆಳಿಗ್ಗೆ ಕೈಗೆತ್ತಿಕೊಂಡು ಊದಿದೆ. ಬರೀ ಗಾಳಿ. ಬೆಳಕಿಗೆ ಹಿಡಿದು ನೋಡಿದೆ. ಮೇಲಿನ ಅಂಚಿನಿಂದ ಎರಡನೆಯ ತೂತಿನವರೆಗೆ ಒಂದು ಸೀಳು, ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗೆ. ಅಲ್ಲೇ ಕೂತು ಅತ್ತೆ. ಪೂಜೆ ಮಾಡಿಯೇ ಹಾಳು ಮಾಡಿದ್ದೆನಲ್ಲ, ಅದನ್ನು ಯಾರಿಗೆ ಹೇಳುವುದು?

ಗಂಡ ಬಂದು ನೋಡಿದರು. "ಒಂದ್ ತೊಟ್ಟು ಗ್ಲೂ ಹಾಕಿದ್ರೆ ಗೊತ್ತೂ ಆಗಲ್ಲ ಕಣೆ. ಗ್ಯಾರೇಜಲ್ಲಿದೆ, ತರ್ಲಾ?"

"ರೀ, ದಿನಾ ಆಫೀಸಲ್ಲಿ ನಾನು ಏನಂತ ಬೈತೀನಿ ಹುಡುಗರಿಗೆ? ಬಗ್ ಮುಚ್ಚಿಡಬೇಡಿ, ಸಿಕ್ಕಿದ ದಿನವೇ ರಿಪೋರ್ಟ್ ಮಾಡಿ ಅಂತ. ಈಗ ನಾನೇ ಗ್ಲೂ ಹಾಕ್ಲಾ?"

"ಅವ್ರು ಇನ್ಮೇಲೆ ಬರಬೇಡ ಅಂದ್ರೆ?"

ನನ್ನ ಹೆದರಿಕೆಯೂ ಅದೇ. ಕೊಳಲು ವಾಪಸು ಇಟ್ಟುಕೊಂಡು, ಬಾಗಿಲ ತನಕ ಬಂದು, ಮರ್ಯಾದೆಯಿಂದ ತಲೆಬಾಗಿ ಕಳಿಸಿಬಿಟ್ಟರೆ? ಮೇ ತಿಂಗಳೂ ಹೋಯಿತು, ಕುರ್ಚಿ ಹಾಕುವ ಕೆಲಸವೂ ಹೋಯಿತು. ಆದರೂ ಅವತ್ತೇ ಕಾರು ತೆಗೆದು ಓಕ್‌ವಿಲ್‌ಗೆ ಹೋದೆ. ದಾರಿಯುದ್ದಕ್ಕೂ ಕೊಳಲು ಪಕ್ಕದ ಸೀಟಿನಲ್ಲಿ, ಸೀಟ್ ಬೆಲ್ಟ್ ಹಾಕಿಕೊಂಡು ಕೂತಿತ್ತು.

ಸೆನ್ಸೆಯ ಮುಂದೆ ಅದನ್ನು ಎರಡೂ ಕೈಯಲ್ಲಿ ಇಟ್ಟು, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿ, ಎಲ್ಲ ಹೇಳಿದೆ. ದೇವಿ, ದೀಪ, ಬಿಸಿಗಾಳಿ, ಮೂರು ದಿನ. ಅವರು ಸೀಳಿನ ಮೇಲೆ ಉಗುರು ಓಡಿಸಿದರು. ಬೊಟ್ಟು ನೋಡಿದರು. ಬೈದುಬಿಡಿ ಸ್ವಾಮಿ, ಈ ಮೌನ ಬೇಡ ಎಂದು ಒಳಗೊಳಗೇ ಕೂಗಿಕೊಂಡೆ.

"ಮೂರು ದಿನ ಊದಲಿಲ್ಲವೇ?" ಎಂದು ಕೇಳಿದರು.

"ಇಲ್ಲ. ಮುಟ್ಟಬಾರದು. ಅದೇ ಗೌರವ."

"ಇದಕ್ಕೆ ದಿನಾ ಊದುವುದೇ ಗೌರವ," ಅಂದರು. ಅಷ್ಟೇ. ಎದ್ದು ಒಳಗಿನ ಕೋಣೆಯ ಕಡೆ ನಡೆಯುತ್ತ, ಬಾ ಎಂದು ಕೈಮಾಡಿದರು.

ಅದು ಅವರ ಕೆಲಸದ ಕೋಣೆ. ಕಾರ್ ಪ್ಲ್ಯಾಂಟಿನಲ್ಲಿ ಪಳಗಿದ ಆ ಕೈಗಳು ಬಿದಿರಿನ ಸುತ್ತ ಎಷ್ಟು ಸಣ್ಣ ಕಚ್ಚು ತೆಗೆದವೆಂದರೆ ನಾನು ಉಸಿರು ಬಿಡಲೂ ಹೆದರಿದೆ. ಗಟ್ಟಿ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟು, ಎಳೆದು ಹಿಡಿ ಅಂದರು. ನಾನು ಎಳೆದು ಹಿಡಿದೆ, ಅವರು ಕೊಳಲನ್ನು ತಿರುಗಿಸುತ್ತ ದಾರ ಸುತ್ತಿದರು. ಒಂದೊಂದು ಸುತ್ತಿಗೂ ಸೀಳು ಸ್ವಲ್ಪ ಸ್ವಲ್ಪ ಮುಚ್ಚಿಕೊಂಡಿತು. ಆರು ಕಡೆ ಕಟ್ಟು ಹಾಕುವಷ್ಟರಲ್ಲಿ ನನ್ನ ಬೆರಳು ಕೆಂಪಾಗಿತ್ತು. ಮತ್ತೆ ನನಗೆ ತಿದಿ ಒತ್ತುವ ಕೆಲಸವೇ ಸಿಕ್ಕಿತಲ್ಲ ಎಂದು ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬುಡದ ಕುಂಕುಮವನ್ನು ಅವರು ಒರೆಸಲಿಲ್ಲ.

ಕೊಳಲನ್ನು ನನ್ನ ಕೈಗಿಟ್ಟು ಹೇಳಿದರು: "ಮೇ ತಿಂಗಳು. ನೀನು. ಇದರಲ್ಲೇ."

ಆ ಚಳಿಗಾಲ ನಾನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದ ದಿನ ಒಂದೇ ಒಂದು ಸ್ವರ ಊದಿ ಮಲಗಿದೆ. ಮೈಸೂರಿಗೆ ಹೋಗಬೇಕಾಗಿ ಬಂದಾಗ ಹ್ಯಾಂಡ್ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ, ತಂಗಿಯ ಮನೆಯ ಟೆರೇಸಿನಲ್ಲಿ ಊದಿದೆ. ತಂಗಿ ಕೇಳಿ, "ಅಕ್ಕ, ಇದಕ್ಕೆ ಶ್ರುತಿ ಯಾರು ಹಾಕ್ತಾರೆ?" ಅಂದಳು. ಇದಕ್ಕೆ ಶ್ರುತಿ ಬೇಡ ಕಣೇ ಎಂದು ಹೇಳುವಾಗ ನನಗಾದ ಖುಷಿ ಸಣ್ಣದಲ್ಲ.

ಮೇ ಬಂತು. ತೋಟದಲ್ಲಿ ಚೆರ್ರಿ ಹೂ ಅರ್ಧ ಉದುರಿತ್ತು. ಕುರ್ಚಿ ಹಾಕಿದವನು ಹೊಸಬ, ನಾನಲ್ಲ. ಗಂಡನಿಗೆ ಬರುವ ಮುಂಚೆಯೇ ಹತ್ತು ಸಲ ಹೇಳಿದ್ದೆ: ರೀ, ನಾನು ಕೊಳಲು ಇಳಿಸಿ ತಲೆಬಾಗುವವರೆಗೆ ಚಪ್ಪಾಳೆ ಇಲ್ಲ, ಭೇಷ್ ಇಲ್ಲ, ಫೋನ್ ಇಲ್ಲ. ಅವರು ಕೈಗಳನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಮಗಳು. ಸೆನ್ಸೆ ಬದಿಯಲ್ಲಿ, ಕಣ್ಣು ಮುಚ್ಚಿ.

ನನ್ನ ಹೆಸರು ಕರೆದರು. ನಡೆದು ಹೋಗಿ ತಲೆಬಾಗಿದೆ. ಬಾಯಿ ಒಣಗಿ ಹಪ್ಪಳವಾಗಿತ್ತು. ಮೊದಲ ಉಸಿರು ಬರೀ ಗಾಳಿ. ಯಾರೂ ಅಲುಗಲಿಲ್ಲ. ತುಟಿಯನ್ನು ಕೂದಲೆಳೆಯಷ್ಟು ಸರಿಸಿದೆ, ಮತ್ತೆ ಊದಿದೆ, ಸ್ವರ ಬಂತು. ಎರಡನೆಯ ಸಾಲು, ಮೂರನೆಯದು. ಐದನೆಯ ಸಾಲು ಶುರುವಾಗಬೇಕು, ಆಗ ಪಿಯರ್ಸನ್ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ತಲೆಯ ಮೇಲೆ ಗುಡುಗಿತು. ಹಳೆಯ ನಾನಾಗಿದ್ದರೆ ಅದರ ಮೇಲೆ ಜಿದ್ದಿಗೆ ಬಿದ್ದು ಊದುತ್ತಿದ್ದೆ. ಕಾದೆ. ಲೆಕ್ಕ ಹಾಕಲಿಲ್ಲ, ತೊಡೆ ತಟ್ಟಲಿಲ್ಲ. ಶಬ್ದ ಪೂರ್ತಿ ಕರಗಿ ನನಗೆ ನನ್ನ ಉಸಿರು ಕೇಳಿಸುವವರೆಗೆ ನಿಂತಿದ್ದು ಶುರುಮಾಡಿದೆ. ಕಟ್ಟು ಹಾಕಿದ ಬಿದಿರಿನಿಂದ ಎಲ್ಲೂ ಗಾಳಿ ಸೋರಲಿಲ್ಲ. ಕೊನೆಯ ಸ್ವರವನ್ನು ಹೊಟ್ಟೆಯಾಳದಿಂದ ತಂದು, ಇರುವಷ್ಟೂ ಉಸಿರನ್ನು ಅದಕ್ಕೆ ಕೊಟ್ಟು, ತೆಳ್ಳಗೆ ತೆಳ್ಳಗೆ ಮಾಡಿ ಬಿಟ್ಟೆ.

ಮುಗಿದಿತ್ತು. ಮೊದಲಿಂದ ಕೊನೆಯವರೆಗೆ, ಒಬ್ಬಳೇ. ಕೊಳಲು ಇನ್ನೂ ತುಟಿಯ ಹತ್ತಿರವೇ ಇತ್ತು. ಆ ಮೌನದಲ್ಲಿ ನಿಂತಿರುವಾಗ, ಬದಿಯಿಂದ ಒಂದು ದನಿ ಬಂತು.

"ಆಹಾ."

ಸೆನ್ಸೆ. ಕಣ್ಣು ಮುಚ್ಚಿಯೇ ಇತ್ತು. ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದರು, ಥೇಟು ಮೈಸೂರಿನ ಸಂಗೀತ ಕಚೇರಿಯ ಮುಂದಿನ ಸಾಲಿನವರ ಹಾಗೆ. ಮೊದಲ ಪಾಠದ ದಿನ ನಾನು ಮಾಡಿದ ತಪ್ಪನ್ನು ಅವರು ನೆನಪಿಟ್ಟುಕೊಂಡು, ತಮ್ಮ ಕಟ್ಟಳೆಯನ್ನು ತಾವೇ ಮುರಿದು, ನನ್ನ ಮನೆಯ ಭಾಷೆಯಲ್ಲಿ ನನಗೆ ಕೊಟ್ಟಿದ್ದರು. ನನ್ನ ಜೀವಮಾನದಲ್ಲಿ ಯಾವ ಸಂಗೀತದ ಮೇಷ್ಟ್ರೂ ನನಗೆ ಆ ಮಾತು ಹೇಳಿರಲಿಲ್ಲ.

ಕೊಳಲು ಇಳಿಸಿ ತಲೆಬಾಗಿದೆ. ಎತ್ತಿದಾಗ ಎದುರಿಗಿನವರೆಲ್ಲ ಮಂಜಾಗಿ ಕಾಣುತ್ತಿದ್ದರು. ಎರಡನೆಯ ಸಾಲಿನಿಂದ ಗಂಡ ಪಿಸುಗುಟ್ಟಿದರು, ಎಲ್ಲರಿಗೂ ಕೇಳುವ ಹಾಗೆ: "ಈಗ ಚಪ್ಪಾಳೆ ಹೊಡೀಬೋದಾ?"

"ಹೊಡೀರಿ," ಅಂದೆ. "ಜೋರಾಗೇ ಹೊಡೀರಿ!"