ಅರ್ಧ ಖಾಲಿ ಉತ್ತರಪತ್ರಿಕೆ

ಶಿವಮೊಗ್ಗದ ಕಾನೂನು ಕಾಲೇಜಿನಲ್ಲಿ ನಾನು ಉತ್ತರಪತ್ರಿಕೆಯ ಕೊನೆಯ ಸಾಲಿನವರೆಗೂ ಬರೆಯುತ್ತಿದ್ದೆ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗೆಳತಿ ಅರ್ಧ ಖಾಲಿ ಬಿಟ್ಟು ಎದ್ದುಹೋಗುತ್ತಿದ್ದಳು. ಆದರೂ ಅವಳಿಗೇ ಹೆಚ್ಚು ಅಂಕ. ನನಗೆ ಹೊಟ್ಟೆ ಉರಿಯಿತು.

"ಅಷ್ಟು ಕಮ್ಮಿ ಬರೆದು ಹೆಂಗೆ ಮಾರಾಯ್ತಿ?" ಎಂದು ಕ್ಯಾಂಟೀನಿನಲ್ಲಿ ಕೇಳಿದೆ.

"ನೀನು ಗೊತ್ತಿರೋ ಸೆಕ್ಷನ್ನೆಲ್ಲಾ ಬರೀತೀಯ. ಪ್ರಶ್ನೇಲಿರೋ ಹಸು ಮಾರಿದವನ ಕೇಸ್ ನಿಲ್ಲುತ್ತೋ ಇಲ್ವೋ ಅಂತ ಹೇಳೋದೇ ಇಲ್ಲ. ನಾನು ಮೊದ್ಲು ಅದನ್ನ ಹೇಳ್ತೀನಿ, ಆಮೇಲೆ ಯಾಕೆ ಅಂತ ಬರೀತೀನಿ."

ಅವಳು ಏನೂ ಮುಚ್ಚಿಡದೆ ಹೇಳಿಕೊಟ್ಟದ್ದು ನನ್ನನ್ನು ಇನ್ನಷ್ಟು ಉರಿಸಿತು. ಮುಂದಿನ ಸೆಮಿಸ್ಟರಿನಲ್ಲಿ ಹಾಗೇ ಬರೆದೆ. ನನ್ನ ಅಂಕ ಏರಿತು, ಅವಳದು ಅದಕ್ಕೂ ಮೇಲಿತ್ತು. ಅಭಿನಂದನೆ ಹೇಳಲೆಂದು ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ನಡೆದೆ. ಭದ್ರಾವತಿ ಬಸ್ಸು ಹೊರಟ ಮೇಲೆಯೇ ನನಗೆ ಮಾತು ಬಂದದ್ದು.