ಗುರುತಿಲ್ಲ ಎಂದ ಢೋಲಕ್ ಕಾಕಾ

ಕಾಕಾನ ಬಲಗೈ ಬೆರಳುಗಳ ಮೇಲೆ ಯಾವಾಗಲೂ ಕಪ್ಪು ಗೆರೆಗಳಿರುತ್ತಿದ್ದವು. ಢೋಲಕ್ ಬಾರಿಸುವ ಮೊದಲು ಬೆರಳಿಗೆ ಔಷಧಿ ಅಂಗಡಿಯ ಬಿಳಿ ಅಂಟುಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಬಿಚ್ಚಿದ ಮೇಲೂ ಅಂಟು ಉಳಿದು ಕೊಳೆ ಹಿಡಿಯುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ನಾಸಿಕ್‌ನ ನಮ್ಮ ಆರ್ಕೆಸ್ಟ್ರಾದಲ್ಲಿ ಅವರದು ಢೋಲಕ್, ನನ್ನದು ಹಾಡು. ಇವತ್ತು ಮಾಲೇಗಾಂವ್‌ನಲ್ಲಿ ಮದುವೆ, ನಾಳೆ ಬಿಡಕಿನ್‌ನ ಯಾವುದೋ ಕಾರ್ಖಾನೆಯ ಪೂಜೆ. ಕರೆದಲ್ಲಿಗೆ ಟೆಂಪೊ ಹತ್ತಿ ಹೋಗುತ್ತಿದ್ದೆವು. ಅವರು ಕಲಬುರಗಿ ಕಡೆಯವರು. ನಮ್ಮಪ್ಪ ಬೀದರಿನಿಂದ ಬಂದು ನಾಸಿಕ್‌ನ ಕಾರ್ಖಾನೆಗಳ ಬಡಾವಣೆ ಅಂಬಡ್‌ನಲ್ಲಿ ಕೆಲಸಕ್ಕೆ ಸೇರಿದವರು. ಇಲ್ಲೇ ಹುಟ್ಟಿದ ನನಗೆ ಕನ್ನಡ ತಿಳಿಯುತ್ತಿತ್ತು, ಆಡಲು ನಾಲಿಗೆ ಏಳುತ್ತಿರಲಿಲ್ಲ. ಟೆಂಪೊದ ಹಿಂದಿನ ಸೀಟಿನಲ್ಲಿ ಕೂತು ನನಗೆ ಮಾತು ಕಲಿಸಿ ಅಕ್ಷರ ತಿದ್ದಿಸಿದವರು ಕಾಕಾ.

ತಂಡದಲ್ಲಿ ಕನ್ನಡದವರು ನಾವಿಬ್ಬರೇ. ವೇದಿಕೆಯ ಮೇಲೆ ಗಾಬರಿಯಾಗಿ ನಾನು ತಾಳ ಬಿಟ್ಟು ಓಡತೊಡಗಿದರೆ, ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದರು: "ಉಸಿರು ತಗೋ ಯವ್ವಾ. ಅವಸರ ಬ್ಯಾಡ." ಕೈ ನಿಧಾನ ಮಾಡಿ, ನಾನು ದಾರಿಗೆ ಬರುವ ತನಕ ಕಾಯುತ್ತಿದ್ದರು. ಹಾಡು ಕೆಟ್ಟಿದ್ದು ಕೇಳುವವರಿಗೆ ಗೊತ್ತೇ ಆಗುತ್ತಿರಲಿಲ್ಲ.

ಒಮ್ಮೆ ಊರಿಗೆ ಹೋಗಬೇಕೆಂದು ಹೇಳಿ ರಜೆ ಹಾಕಿದರು. ಆ ವಾರವೇ ಸಂಭಾಜಿನಗರದಲ್ಲಿ ನಮಗೊಂದು ಮದುವೆಯ ಕಾರ್ಯಕ್ರಮ. ಪೆಂಡಾಲಿನವನ ಮೂಲಕ ಬಂದ ಕೆಲಸ. ಯಾರ ಮದುವೆಯೆಂದು ನಾವು ವಿಚಾರಿಸಿರಲಿಲ್ಲ. ಮೈಕು ಸರಿಮಾಡಿಕೊಳ್ಳುತ್ತಿದ್ದಾಗ ವರನ ತಂದೆ, ನಮ್ಮ ಕಡೆಯಿಂದಲೇ ಬಂದು ಅಲ್ಲಿ ನೆಲೆಸಿದ್ದ ಬಟ್ಟೆ ವ್ಯಾಪಾರಿ, ಬೀಗರ ಕೈ ಹಿಡಿದು ವೇದಿಕೆಯ ಹತ್ತಿರ ಬಂದರು.

"ನೋಡ್ರಿ ಬೀಗರ, ನಾಸಿಕ್‌ಲಿಂದ ತರಿಸೀನಿ."

ಬೀಗರ ತಲೆಗೆ ಹೊಸ ರುಮಾಲು. ಅದರ ಕೆಳಗೆ ನಮ್ಮ ಕಾಕಾನ ಮುಖ. ನಾನು ಹಿಂದೆಮುಂದೆ ನೋಡದೆ ಕೂಗಿದೆ, "ಕಾಕಾ! ನೀವ್ ಇಲ್ಲಿ?"

"ಗುರ್ತ ಅದ ಏನ್ರಿ?" ವರನ ತಂದೆ ಕೇಳಿದರು.

ಕಾಕಾ ನನ್ನನ್ನು ನೋಡಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ನನ್ನೊಡನೆ ಕನ್ನಡ ಬಿಟ್ಟು ಬೇರೆ ಮಾತಾಡದ ಮನುಷ್ಯ ಮರಾಠಿಯಲ್ಲಿ ಹೇಳಿದರು: "ನಾಹೀ. ಮೀ ಓಳಖತ್ ನಾಹೀ." ಇಲ್ಲ, ನನಗೆ ಗುರುತಿಲ್ಲ.

"ತಪ್ಪಾತ್ರಿ," ಎಂದೆ. "ನಮ್ಮ ಕಾಕಾನಂಗ ಕಂಡ್ರಿ."

ಕಾಕಾನ ಮಗಳ ಮೊದಲ ಸಂಬಂಧ, ಅಪ್ಪ ಆರ್ಕೆಸ್ಟ್ರಾದವನೆಂದು ತಿಳಿದ ಕೂಡಲೇ ಮುರಿದುಬಿದ್ದಿತ್ತಂತೆ. ಹಾಗಾಗಿ ಈ ಮನೆಯವರಿಗೆ ತಾನು ಶಾಲೆಯ ಸಂಗೀತ ಮಾಸ್ತರ ಎಂದಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಅವತ್ತು ತಂಡದವರೆಲ್ಲ ನೋಡಿಯೂ ನೋಡದಂತೆ ಇದ್ದುಬಿಟ್ಟೆವು. ಬದಲಿಗೆ ಬಂದಿದ್ದ ಢೋಲಕ್‌ನವನ ಕೈ ಬಿರುಸು. ಎರಡನೆಯ ಹಾಡಿನಲ್ಲಿ ನಾನು ತಾಳ ತಪ್ಪಿದೆ. ಅಭ್ಯಾಸಬಲದಿಂದ ಕಾಕಾ ಕೂತಿದ್ದ ಕಡೆಗೇ ನೋಡಿದೆ. ಮುಂದಿನ ಸಾಲಿನಲ್ಲಿದ್ದ ಅವರು ತಲೆ ತಗ್ಗಿಸಿದರು. ಪಡ್ಡೆ ಹುಡುಗರು ಸಿಳ್ಳೆ ಹಾಕಿ ನಕ್ಕರು.

ಮುಂದಿನ ತಾಲೀಮಿಗೆ ಅವರು ಬಂದರು, ಆದರೆ ಯಾರ ಮುಖವನ್ನೂ ನೋಡಲಿಲ್ಲ. ನಾನು ಟೀ ಕುಡಿಯಲು ಇಳಿದಾಗ ಹಿಂದೆಯೇ ಬಂದು ಅಂಗಡಿಯ ಮುಂದೆ ನಿಂತರು.

"ಬಿಡ್ರಿ ಕಾಕಾ, ಲಗ್ನ ಚಲೋ ಆತಲ್ಲ," ನಾನೇ ಹೇಳಿದೆ.

"ಲಗ್ನ ಚಲೋ ಆತು. ನಾ ಕೆಟ್ಟೆ. ನಿನ್ನ ಗುರ್ತಿಲ್ಲ ಅಂದೆ, ಮ್ಯಾಲ ನೀ ತಪ್ಪಿದಾಗ ಸುಮ್ಮ ಕುಂತೆ." ಟೀ ಮುಟ್ಟದೆ ಹೋದರು.

ಆಮೇಲೆ ವೇದಿಕೆಯ ಮೇಲೆ ಅವರು ನನಗೆ ಏನೂ ಹೇಳದಾದರು. ಹೇಳುವ ಹಕ್ಕು ಕಳೆದುಕೊಂಡವರಂತೆ ಢೋಲಕ್ ನೋಡುತ್ತಲೇ ಬಾರಿಸುತ್ತಿದ್ದರು.

ಗಣಪತಿ ಹಬ್ಬಕ್ಕೆ ಕಾಕಾನ ಬೀಗರ ಓಣಿಯಲ್ಲೇ ಕಾರ್ಯಕ್ರಮ ಬಂತು. ಬೇಕಾದರೆ ಬೇರೆಯವನನ್ನು ಕರೆಸುತ್ತೇನೆಂದು ಆರ್ಕೆಸ್ಟ್ರಾದ ಮಾಲೀಕರು ಹೇಳಿದರು. ಕಾಕಾ ಒಪ್ಪಲಿಲ್ಲ. ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಬೀಗರ ಮನೆಗೆ ಹೋದರು. ಕಾಕಾನ ಮಗಳು ಚಹಾ ತಂದಳು.

"ಬೀಗರ, ನಾ ಸಾಲಿ ಮಾಸ್ತರ ಅಲ್ರಿ, ಆರ್ಕೆಸ್ಟ್ರಾದಾಗ ಢೋಲಕ್ ಬಾರಸ್ತೀನಿ. ಈಕಿ ನಮ್ಮ ಪಾರ್ಟಿಯಾಗ ಹಾಡೋ ಹುಡುಗಿ. ಮಗಳಿದ್ದಂಗ. ಲಗ್ನದಾಗ ಈಕಿ ಗುರ್ತಿಲ್ಲ ಅಂತ ಸುಳ್ಳ ಹೇಳ್ದೆ."

ಬೀಗರು ಕಪ್ಪು ಕೆಳಗಿಟ್ಟರು. "ಮೊದಲೇ ಹೇಳಿದ್ರ ಈ ಲಗ್ನ ಆಗ್ತಿರಲಿಲ್ರಿ."

"ಗೊತ್ತದರಿ. ಅದಕ್ಕ ಹೇಳಲಿಲ್ಲ."

ಬೀಗರು ಎದ್ದು ಒಳಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಮಗಳ ಕಣ್ಣಲ್ಲಿದ್ದದ್ದು ಸಿಟ್ಟೋ ಭಯವೋ, ನಾನು ನೇರ ನೋಡಲಾರದೆ ಚಪ್ಪಲಿ ಮೆಟ್ಟಿದೆ. ಆ ಸಂಜೆ ಬೀಗರ ಮನೆಯ ಕಿಟಕಿಗಳು ಮುಚ್ಚಿದ್ದವು. ಕಾಕಾ ಕೊನೆಯ ಹಾಡಿನ ತನಕ ಬಾರಿಸಿದರು. ನಡುವೆ ಎಲ್ಲೋ ನಾನು ತಾಳ ಬಿಟ್ಟು ಓಡಿದಾಗ, ತಿಂಗಳುಗಳ ಮೇಲೆ ಮತ್ತೆ ಆ ಮಾತು ಕೇಳಿಸಿತು: "ಉಸಿರು ತಗೋ ಯವ್ವಾ."

ಆ ಮನೆಯವರು ಮಗಳನ್ನು ಚೆನ್ನಾಗಿಯೇ ನೋಡಿಕೊಂಡರು. ಕಾಕಾನನ್ನು ಮಾತ್ರ ಕರೆಯಲಿಲ್ಲ, ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೂ. ಆ ದಿನ ಅಂಬಡ್‌ನಲ್ಲಿ ಕಾರ್ಯಕ್ರಮ. ಅವರು ಯಾವತ್ತಿನಂತೆ ಬಂದು ಪಟ್ಟಿ ಸುತ್ತಿಕೊಂಡರು. ಬೀಗರಿಗೆ ನಿಜ ಹೇಳಿದ್ದಕ್ಕೆ ಬೇಸರವಿದೆಯೇ ಎಂದು ಕೇಳಿದೆ. "ಹೇಳಿದ್ದಕ್ಕ ನಾಚಿಕಿ ಇಲ್ಲ," ಎಂದರು. "ಹೇಳದ ಇದ್ದದ್ದಕ್ಕ ಇನ್ನೂ ಅದ."

ಹೋದ ವರ್ಷ ಕಾಕಾ ಹೃದಯಾಘಾತದಿಂದ ತೀರಿಕೊಂಡರು. ಮಗಳು ಮಗುವನ್ನು ಎತ್ತಿಕೊಂಡು ಬಂದಳು. ನನ್ನ ಪಕ್ಕದಲ್ಲೇ ಕೂತಳು. ಮೊಮ್ಮಗನನ್ನು ಅವರಿಂದ ದೂರ ಮಾಡಿದ್ದು ನನಗಾಗಿ ಆಡಿದ ಮಾತು ಎಂಬ ನಾಚಿಕೆ ನನ್ನನ್ನು ಬಿಟ್ಟಿಲ್ಲ. ಟೀ ಅಂಗಡಿಯ ಮುಂದೆ ಕಾಕಾ ತಪ್ಪೊಪ್ಪಿಕೊಂಡದ್ದೇ ನನಗೆ ಸಾಕಾಗಿತ್ತು. ಅವರಿಗೆ ಸಾಕಾಗಲಿಲ್ಲ.